ಗೀಟು ಬೀಳದ ಎಂಬತ್ತೇಳು

ನಮ್ಮ ಕಾಲೇಜಿನ ವ್ಯಾನಿನಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ಬಿಳಿ ಹಲಗೆ ನೇತಾಡುತ್ತಿತ್ತು. ಡ್ರೈವರೂ ಕೋಚೂ ಒಬ್ಬರೇ, ಕೋಚ್ ಪ್ರೂಯಿಟ್. ಪ್ರತಿ ಟೂರ್ನಮೆಂಟ್ ಮುಗಿದ ಮೇಲೆ ಆಯಮ್ಮ ವ್ಯಾನ್ ಚಾಲೂ ಮಾಡುವ ಮುಂಚೆ ಹಿಂದಕ್ಕೆ ತಿರುಗಿ, ಹಲಗೆಯ ಮೇಲೆ ನಮ್ಮ ಐದೂ ಜನರ ಹೆಸರು, ಎದುರಿಗೆ ಐದು ಸ್ಕೋರು ಬರೆಯುತ್ತಿದ್ದರು. ಆಮೇಲೆ ಕೆಂಪು ಪೆನ್ನು ತೆಗೆದು ಅವುಗಳಲ್ಲಿ ಒಂದರ ಮೇಲೆ ಉದ್ದಕ್ಕೆ ಗೀಟು ಎಳೆಯುತ್ತಿದ್ದರು. ಕಾಲೇಜು ಗಾಲ್ಫಿನ ನಿಯಮವೇ ಹಾಗೆ. ಆಡುವುದು ಐದು ಜನ, ಲೆಕ್ಕಕ್ಕೆ ಬರುವುದು ನಾಲ್ಕೇ ಜನರದ್ದು. ಕಡಿಮೆ ಹೊಡೆತದಲ್ಲಿ ಮುಗಿಸಿದ ನಾಲ್ವರ ಸ್ಕೋರು ಕೂಡಿಸಿ ಐದನೆಯದನ್ನು ಕಸಕ್ಕೆ ಹಾಕುತ್ತಾರೆ.

ಆ ಕಸ ನಂದು. ಜನೆಲ್ ವಾಸ್‌ಬರ್ಗ್, ನೆಬ್ರಾಸ್ಕಾದವಳು, ನಾಲ್ಕನೇ ವರ್ಷ.

ಮೊದಲ ಎರಡು ವರ್ಷ ನನಗೆ ವ್ಯಾನಿನಲ್ಲಿ ಜಾಗವೇ ಸಿಗಲಿಲ್ಲ. ಆರನೆಯವಳಾಗಿ ಕಾಲೇಜಿನಲ್ಲೇ ಉಳಿದು, ಎಲ್ಲರ ಪರವಾಗಿ ಮೇಷ್ಟರಿಗೆ ರಜಾಚೀಟಿ ಕೊಡುತ್ತಿದ್ದೆ. ಮೂರನೇ ವರ್ಷ ಐದನೆಯವಳಾದೆ. ಅಲ್ಲಿಂದ ಹದಿಮೂರು ಟೂರ್ನಮೆಂಟ್ ಆಡಿದೆ, ಹದಿಮೂರಕ್ಕೂ ಗೀಟು. ಒಂದು ಸಲ ನಮ್ಮ ಶೆಲ್ಬಿಗೆ ಜ್ವರ ಬಂದು ಅವಳು ತೊಂಬತ್ತೈದು ಮಾಡಿಕೊಂಡಳು. ನಾನು ಎಂಬತ್ತಾರರ ದಾರಿಯಲ್ಲಿದ್ದೆ. ಅಬ್ಬಾ, ಇವತ್ತು ಬಂತು ಅಂತ ಮನಸ್ಸಿನಲ್ಲೇ ಕುಣೀತಾ ಇದ್ದೆ. ಹದಿನೆಂಟು ಹೋಲಿನಲ್ಲಿ, ಅಂದರೆ ಚೆಂಡು ಬೀಳಿಸಬೇಕಾದ ಕುಳಿಗಳಲ್ಲಿ, ಇನ್ನು ಎರಡು ಬಾಕಿ ಇರುವಾಗ ಕೋಳಿಮೊಟ್ಟೆ ಗಾತ್ರದ ಆಲಿಕಲ್ಲು ಬಿದ್ದು ಆ ದಿನದ ಆಟವನ್ನೇ ರದ್ದು ಮಾಡಿದರು. ಇನ್ನೊಂದು ಸಲ ಶೆಲ್ಬಿಯೂ ನಾನೂ ಇಬ್ಬರೂ ಎಂಬತ್ತಮೂರು. ಕೋಚ್ ಏನೂ ಯೋಚಿಸದೆ ನನ್ನ ಎಂಬತ್ತಮೂರರ ಮೇಲೆ ಗೀಟು ಎಳೆದರು.

"ಕೋಚ್, ಇಬ್ರದ್ದೂ ಒಂದೇ ಅಲ್ವಾ?" ಅಂದೆ.

"ಹೌದಲ್ಲ. ಮತ್ತೆ ಯಾವುದಕ್ಕೆ ಎಳೆದರೇನಮ್ಮ?"

"ಹಂಗಾದ್ರೆ ಅವಳದ್ದಕ್ಕೆ ಎಳೀರಿ."

"ಅಯ್ಯೋ, ಕೈಗೆ ಅಭ್ಯಾಸ ಆಗಿಹೋಗಿದೆ ಕಣೇ," ಅಂದು ವ್ಯಾನ್ ಚಾಲೂ ಮಾಡಿದರು. ಹಿಂದಿನ ಸೀಟಿನಲ್ಲಿ ಶೆಲ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ, ಇನ್ನೂ ನಾಲ್ಕು ಗಂಟೆ ಅವರ ಜೊತೆಯಲ್ಲೇ ಕೂತು ಹೋಗಬೇಕಿತ್ತು.

ಈ ಗೀಟಿನ ವಿಷಯ ನನಗಿಂತ ಹೆಚ್ಚಾಗಿ ತಲೆಗೆ ಹಚ್ಚಿಕೊಂಡವನು ಅಪ್ಪ. ಅಪ್ಪ ನಮ್ಮೂರಿನ ಒಂಬತ್ತು ಹೋಲಿನ ಪುಟ್ಟ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಯಂತ್ರ ಬಿಟ್ಟು ಇಳಿಯಲಿಕ್ಕೆ ಪುರುಸೊತ್ತಿಲ್ಲ, ಹಾಗಾಗಿ ನನ್ನ ಒಂದು ಟೂರ್ನಮೆಂಟನ್ನೂ ಅವನು ನೋಡಲಿಲ್ಲ. ಬದಲಿಗೆ ನಾನು ಪ್ರತಿ ಸಲ ಆಟ ಮುಗಿದ ಕೂಡಲೇ ಅಲ್ಲಿನ ಕ್ಲಬ್‌ಹೌಸಿನ ಗೋಡೆಯ ಫೋನಿನಿಂದ ನಮ್ಮೂರಿನ ಕ್ಲಬ್‌ಹೌಸಿಗೆ ಫೋನ್ ಮಾಡಬೇಕು. ಅಪ್ಪ ಆ ಹೊತ್ತಿಗೆ ಒಳಗೆ ಬಂದು ಕಾಫಿ ಇಟ್ಟುಕೊಂಡು ಕಾಯುತ್ತಿರುತ್ತಿದ್ದ. ಎಷ್ಟು ಹೊಡೆದೆ, ಎಷ್ಟನೇ ಸ್ಥಾನ, ಊಟ ಆಯ್ತಾ, ಊಹೂಂ, ಇದ್ಯಾವುದೂ ಇಲ್ಲ. ಒಂದೇ ಪ್ರಶ್ನೆ.

"ಲೆಕ್ಕಕ್ಕೆ ಬಂತಾ?"

"ಇಲ್ಲಪ್ಪ."

"ಇರ್ಲಿ ಬಿಡು. ಮುಂದಿನ ಸಲ."

ಅವನ ಹಿಂದೆ ಕಾಫಿ ಕುಡಿಯುವ ಮುದುಕರ ಗುಂಪು. ಅದರಲ್ಲಿ ಲಿಯೋನ್ ಅಂತ ಒಬ್ಬ, ಊರಿನಲ್ಲಿ ಪೈ ಅನ್ನುವ ಹಣ್ಣಿನ ಸಿಹಿತಿಂಡಿ ಮಾಡಿ ಮಾರುವವನು. "ಏನಂತೆ ಡ್ವೇನ್?" ಅಂತ ಅವನು ಕೂಗಿ ಕೇಳುವುದೂ, ಅಪ್ಪ ಏನೂ ಹೇಳದೆ ಫೋನ್ ಇಡುವುದೂ ನನಗೆ ಕೇಳಿಸುತ್ತಿತ್ತು. ಥೂ, ಸೋತಿದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತಿತ್ತು. ಆಟಕ್ಕೆ ನಾನಿದ್ದೆ, ಬ್ಯಾಗು ಹೊರಲಿಕ್ಕೆ ನಾನಿದ್ದೆ, ತಂಡದ ಫೋಟೋದಲ್ಲಿ ಬಲತುದಿಗೆ ನಾನಿದ್ದೆ. ಲೆಕ್ಕಕ್ಕೆ ಮಾತ್ರ ಇಲ್ಲ.

ನನಗೆ ಆಟ ಕಲಿಸಿದವನೂ ಅಪ್ಪನೇ. ನಮ್ಮ ಕಡೆ ಗಾಳಿ ಅಂದರೆ ಗಾಳಿ, ತಡೆಯಲಿಕ್ಕೆ ಒಂದು ಗುಡ್ಡವಿಲ್ಲ. ಏಳು ವರ್ಷದವಳಿದ್ದಾಗ ನನ್ನ ಕೈಗೆ ಒಂದು ಚಿಟಿಕೆ ಹುಲ್ಲು ಕೊಟ್ಟು, "ತೂರು, ಯಾವ ಕಡೆ ಹೋಗುತ್ತೆ ನೋಡು," ಅಂದಿದ್ದ. ಹುಲ್ಲು ಹಾರಿ ಬಂದು ನನ್ನ ಮೂಗಿಗೇ ಬಡಿಯಿತು. "ಎದುರುಗಾಳಿ. ಹಂಗಿದ್ದಾಗ ಏಳನೇ ನಂಬರಿನ ಕೋಲು ಬೇಡ, ಐದನೇದು ತಗೋ. ದೂರ ಹೋಗುತ್ತೆ. ಗಾಳಿ ಜೊತೆ ಜಗಳಕ್ಕೆ ಹೋಗ್ಬೇಡ ಮಗಳೇ. ಅದಕ್ಕೆ ಬೇರೆ ಕೆಲಸ ಇಲ್ಲ, ನಿನಗೆ ಇದೆ." ಅಪ್ಪ ಗಾಲ್ಫಿನ ಬಗ್ಗೆ ಇಷ್ಟುದ್ದ ಮಾತಾಡಿದ್ದು ಆವತ್ತೊಂದೇ ದಿನ.

ಕೊನೆಯ ಟೂರ್ನಮೆಂಟ್ ಏಪ್ರಿಲ್ ಕೊನೆಯ ವಾರ ಬಂತು. ನಮ್ಮ ವಲಯದ ಚಾಂಪಿಯನ್‌ಶಿಪ್, ಎರಡು ದಿನದ ಆಟ. ಗೆದ್ದ ತಂಡ ರಾಷ್ಟ್ರೀಯ ಪಂದ್ಯಕ್ಕೆ ಫ್ಲಾರಿಡಾಗೆ ಹೋಗುತ್ತದೆ, ಸೋತವರು ಮನೆಗೆ. ನಮ್ಮ ಕಾಲೇಜು ಒಮ್ಮೆಯೂ ಹೋದದ್ದಿಲ್ಲ. ನನಗಂತೂ ಮೇ ತಿಂಗಳಲ್ಲಿ ಪದವಿ ಮುಗಿಯುತ್ತದೆ, ಜೂನಿನಿಂದ ಊರಿನ ದವಸದ ಸಹಕಾರಿ ಸಂಘದಲ್ಲಿ ಕುರ್ಚಿ ಕಾಯುತ್ತಿತ್ತು. ಅಂದರೆ ಗೀಟು ತಪ್ಪಿಸಿಕೊಳ್ಳಲಿಕ್ಕೆ ಉಳಿದಿದ್ದು ಇದೊಂದೇ ಸಲ.

ಮೊದಲ ದಿನ ಸಂಜೆ ನಾವೂ, ನೀಲಿ ಅಂಗಿಯ ಇನ್ನೊಂದು ಕಾಲೇಜಿನವರೂ ಸಮಸಮ. ಮಿಕ್ಕ ತಂಡಗಳು ಎಲ್ಲೋ ಹಿಂದೆ. ನನ್ನ ಎಂಬತ್ತೆಂಟಕ್ಕೆ ಗೀಟು ಬಿತ್ತು, ಅದನ್ನು ಬೇರೆ ಹೇಳಬೇಕಾ?

"ನಾಳೆ ನಿನ್ನದೂ ಬರುತ್ತೆ ನೋಡ್ತಿರು," ಅಂದಳು ಬ್ರಿಟಾ. ಇವಳು ನಮ್ಮ ತಂಡದ ಒಂದನೆಯವಳು. ಎತ್ತರದ ಹುಡುಗಿ, ಆಡಿದರೆ ನೋಡುತ್ತಲೇ ಇರಬೇಕು ಅನಿಸುವ ಹಾಗೆ ಆಡುತ್ತಿದ್ದಳು. ಅವಳ ಮೇಲೆ ಹೊಟ್ಟೆಕಿಚ್ಚು ಪಡೋಣ ಅಂದರೂ ಬಿಡುತ್ತಿರಲಿಲ್ಲ, ಅಷ್ಟು ಒಳ್ಳೆಯವಳು.

"ನೀನು ತೊಂಬತ್ತು ಹೊಡಿ, ಆಗ ಬರುತ್ತೆ," ಅಂದೆ.

"ಆಸೆ ನೋಡು ಇವಳದ್ದು!" ಅಂತ ಶೆಲ್ಬಿ ಹೋಟೆಲ್ ಮಂಚದಿಂದ ದಿಂಬು ಎಸೆದಳು.

ಎರಡನೇ ದಿನ ಬೆಳಿಗ್ಗೆಯಿಂದಲೇ ಗಾಳಿ. ಒಂದನೆಯವರೆಲ್ಲ ಮೊದಲು ಹೊರಟರು, ಐದನೆಯವರು ಎಲ್ಲರಿಗಿಂತ ಕೊನೆಗೆ. ನನ್ನ ಜೊತೆಗೆ ಬಂದವಳು ನೀಲಿ ಅಂಗಿಯವರ ಐದನೆಯವಳು, ಮಾರ್ಸಿ. ಗಾಲ್ಫಿನಲ್ಲಿ ನಿಮ್ಮ ಸ್ಕೋರನ್ನು ಎದುರಾಳಿ ಬರೆಯುತ್ತಾಳೆ, ಅವಳದ್ದನ್ನು ನೀವು ಬರೆಯುತ್ತೀರಿ. ಕೊನೆಗೆ ನಿಮ್ಮ ಚೀಟಿಯನ್ನು ನೀವು ಓದಿ ನೋಡಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಅದು ಕಲ್ಲಿನ ಮೇಲೆ ಬರೆದ ಹಾಗೆ. ಯಾವುದೇ ಹೋಲಿಗೆ ಹೊಡೆದದ್ದಕ್ಕಿಂತ ಒಂದು ಕಮ್ಮಿ ಬರೆದಿದ್ದರೂ ಸರಿ, ಆ ದಿನದ ನಿಮ್ಮ ಆಟವೇ ರದ್ದು. "ಸಹಿಗೆ ಮುಂಚೆ ಓದ್ರೇ, ಓದ್ರೇ," ಅಂತ ಕೋಚ್ ಪ್ರತಿ ಸಲ ಬಾಯಿ ಬಡಿದುಕೊಳ್ಳುತ್ತಿದ್ದರು.

ಮಾರ್ಸಿ ಬಾಯಿತುಂಬ ಚ್ಯೂಯಿಂಗ್ ಗಮ್ ಜಗಿಯುತ್ತ ನನ್ನ ಚೀಟಿ ಜೇಬಿಗಿಟ್ಟಳು. "ನಿಂದೂ ಯಾವಾಗ್ಲೂ ಹೋಗುತ್ತಾ?" ಅಂತ ಕೇಳಿದಳು.

"ಹದಿಮೂರು ಸಲ. ಇದು ಹದಿನಾಲ್ಕನೇದು."

"ನಂದು ಹತ್ತು. ನಮ್ಮ ಕೋಚಿಗೆ ನನ್ನ ಹೆಸರೇ ಸರಿಯಾಗಿ ಬರಲ್ಲ, ಮ್ಯಾಗಿ ಅಂತಾರೆ."

ಆವತ್ತು ನನಗೆ ಏನಾಗಿತ್ತೋ ಏನೋ. ಚೆಂಡು ನೋಡಿದ ಕಡೆ ಹೋಗುತ್ತಿತ್ತು. ಪ್ರತಿ ಹೋಲಿಗೂ ಹುಲ್ಲು ತೂರಿ ನೋಡಿದೆ, ಗಾಳಿ ಹೇಳಿದ ಹಾಗೆ ಕೇಳಿದೆ. ಆ ಮೈದಾನಕ್ಕೆ ನಿಗದಿಯಾದ ಹೊಡೆತ ಎಪ್ಪತ್ತೆರಡು. ಹದಿನಾರು ಹೋಲ್ ಮುಗಿದಾಗ ನಾನು ನಿಗದಿಗಿಂತ ಒಂಬತ್ತೇ ಹೆಚ್ಚು ಹೊಡೆದಿದ್ದೆ. ಉಳಿದ ಎರಡನ್ನು ನೆಟ್ಟಗೆ ಮುಗಿಸಿದರೆ ಎಂಬತ್ತೊಂದು. ಜನ್ಮದಲ್ಲಿ ನಾನು ಎಂಬತ್ತೊಂದು ಆಡಿರಲಿಲ್ಲ. ಮಾರ್ಸಿ ಗಮ್ ಜಗಿಯುವುದನ್ನೇ ನಿಲ್ಲಿಸಿದ್ದಳು. "ಇವತ್ತು ನಿಂದು ಬಂತು ಕಣೇ," ಅಂದಳು, ಎದುರಾಳಿ ಅನ್ನುವುದನ್ನೂ ಮರೆತು.

ಆಗ ಕೋಚ್ ಬ್ಯಾಟರಿ ಗಾಡಿಯಲ್ಲಿ ಬಂದರು. ಮುಖ ಊರಗಲ ಆಗಿತ್ತು.

"ಜನೆಲ್! ನಾಲ್ವರೂ ಮುಗಿಸಿದ್ರು ಕಣೇ! ಬ್ರಿಟಾ ಎಪ್ಪತ್ನಾಲ್ಕು. ಮಿಕ್ಕವರು ಎಪ್ಪತ್ತೇಳು, ಎಪ್ಪತ್ತೆಂಟು, ಎಪ್ಪತ್ತೊಂಬತ್ತು. ಒಟ್ಟು ಮುನ್ನೂರ ಎಂಟು! ನೀಲಿಯವರದ್ದು ಮುನ್ನೂರ ಹದಿನಾರರ ಕೆಳಗೆ ಬರಲ್ಲ. ಗೆದ್ವಿ!"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾಲ್ವರಲ್ಲಿ ಹಿಂದುಳಿದವಳದ್ದೇ ಎಪ್ಪತ್ತೊಂಬತ್ತು. ನಂದು ಎಂಬತ್ತೊಂದು.

"ಕೋಚ್, ನಾನು ಒಂಬತ್ತು ಮೇಲಿದ್ದೀನಿ," ಅಂದೆ.

"ಓ, ಚೆನ್ನಾಗಿ ಆಡಿದ್ದೀಯ! ಇನ್ನು ನಿಂದರ ಚಿಂತೆ ಇಲ್ಲ, ಆರಾಮಾಗಿ ಆಡ್ಕೊಂಡು ಬಾ ಮರಿ. ಸ್ಯಾಂಡ್‌ವಿಚ್ ಎತ್ತಿಟ್ಟಿರ್ತೀನಿ."

ಗಾಡಿ ತಿರುಗಿಸಿಕೊಂಡು ಹೋಗಿಯೇ ಬಿಟ್ಟರು.

ನಿಂದರ ಚಿಂತೆ ಇಲ್ಲ! ಮೈಯೆಲ್ಲ ಉರಿದುಹೋಯಿತು. ತಂಡ ಗೆದ್ದದ್ದಕ್ಕೆ ಖುಷಿ ಪಡಬೇಕು, ಗೊತ್ತು. ಫ್ಲಾರಿಡಾ, ಸಮುದ್ರ, ಎಲ್ಲ ಗೊತ್ತು. ಆದರೆ ಕೆಟ್ಟದಾಗಿ ಆಡಿ ಗೀಟು ಹಾಕಿಸಿಕೊಳ್ಳುವುದು ಬೇರೆ. ಹುಟ್ಟಿದಾರಭ್ಯ ಆಡದಷ್ಟು ಚೆನ್ನಾಗಿ ಆಡಿದ ದಿನವೂ ಗೀಟೇ ಅಂದರೆ? ಇನ್ನು ನಾನು ಏನು ಮಾಡಬೇಕಿತ್ತು? ಕಣ್ಣಲ್ಲಿ ನೀರು ಬಂತು, ಗಾಳಿಗೆ ಅಂತ ಮಾರ್ಸಿಗೆ ಹೇಳಿದೆ.

ಹದಿನೇಳನೆಯದು ಮೂರು ಹೊಡೆತದ ಹೋಲ್. ನಡುವೆ ಕೆರೆ, ಆಚೆ ದಡದಲ್ಲಿ ಕುಳಿ ತೋರಿಸುವ ಬಾವುಟ. ಅಭ್ಯಾಸಬಲದಿಂದ ಹುಲ್ಲು ಕಿತ್ತು ತೂರಿದೆ. ಅದು ವಾಪಸು ಬಂದು ನನ್ನ ಅಂಗಿಗೇ ಅಂಟಿಕೊಂಡಿತು. ಅಂಗಿ ಕೊಡವಿ ಬ್ಯಾಗಿನಿಂದ ಏಳನೇ ನಂಬರಿನ ಕೋಲು ಎಳೆದೆ.

"ಏಳಾ?" ಅಂದಳು ಮಾರ್ಸಿ. "ಗಾಳಿ ನೋಡಿದ್ಯಾ?"

"ನೋಡಿದೆ. ನಿನಗ್ಯಾಕೆ?"

ಇದ್ದಬದ್ದ ಸಿಟ್ಟೆಲ್ಲ ಸೇರಿಸಿ ಬಾರಿಸಿದೆ. ಚೆಂಡು ಮೇಲೆದ್ದು, ಗಾಳಿಯಲ್ಲಿ ನಿಂತ ಹಾಗೆ ಆಗಿ, ಕೆರೆಗೆ ಬಿತ್ತು. ಇನ್ನೊಂದು ಚೆಂಡು ತೆಗೆದು ಮತ್ತೆ ಏಳರಲ್ಲೇ ಹೊಡೆದೆ. ಅದೂ ಕೆರೆಗೆ. ನಿಜ ಹೇಳಬೇಕಂದರೆ ಆ ಎರಡು ಸಲ ನೀರು ಹಾರಿದ್ದು ನೋಡಿ ಹಾಯೆನಿಸಿತು. ಹೇಗೂ ಎಸೆಯುವ ಸ್ಕೋರು ತಾನೇ, ನಾನೇ ಎಸೆಯುತ್ತೇನೆ ಅಂದುಕೊಂಡೆ. ಮೂರನೇ ಸಲ ಐದನೇ ನಂಬರಿನ ಕೋಲು ತೆಗೆದೆ. ಚೆಂಡು ಹೋಗಿ ಬಾವುಟದ ಹತ್ತಿರ ಮೆತ್ತಗೆ ಕೂತಿತು. ಅಲ್ಲಿಂದ ಕುಳಿಗೆ ಇನ್ನೆರಡು ಹೊಡೆತ, ನೀರಿಗೆ ಬಿದ್ದದ್ದರ ದಂಡವೂ ಸೇರಿ ಏಳು ಆಯಿತು. ಹದಿನೆಂಟನೆಯದು ಐದು ಹೊಡೆತದ್ದು. ಅದರಲ್ಲಿ ನಿಂತು ನೋಡುವ ಕೆಲಸವನ್ನೇ ಮಾಡಲಿಲ್ಲ, ನಡೆಯುತ್ತ ನಡೆಯುತ್ತ ಹೊಡೆದೆ. ಅಲ್ಲೂ ಏಳು.

ಚೀಟಿ ಒಪ್ಪಿಸುವ ಮೇಜಿನ ಹತ್ತಿರ ಮಾರ್ಸಿ ಮೆಲ್ಲಗೆ, "ಎಂಬತ್ತೇಳು. ಸರಿ ಇದೆಯಾ?" ಅಂತ ಕೇಳಿದಳು. ಹೋಲ್ ಹೋಲ್ ಓದಿ ನೋಡಿದೆ. ಸರಿಯಾಗಿತ್ತು. ಸಹಿ ಹಾಕಿದೆ.

ಕ್ಲಬ್‌ಹೌಸಿನ ಮುಂದೆ ಹುಲ್ಲಿನ ಮೇಲೆ ನಮ್ಮವರು ಕೂತಿದ್ದರು. ಕೋಚ್ ಯಾರ ಜೊತೆಗೋ ಮಾತಾಡಲಿಕ್ಕೆ ಹೋಗಿದ್ದರು. ನನ್ನ ಸ್ಕೋರು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬ್ರಿಟಾ ಸ್ಯಾಂಡ್‌ವಿಚ್ ತಿನ್ನುತ್ತ ತನ್ನ ಆಟದ ಕಥೆ ಹೇಳುತ್ತಿದ್ದಳು.

"ಹನ್ನೆರಡರಲ್ಲಿ ನೋಡ್ಬೇಕಿತ್ತು ಕಣ್ರೇ. ಇಷ್ಟೇ ಇಷ್ಟು ದೂರ, ಕಣ್ಣು ಮುಚ್ಚಿ ಹಾಕಬಹುದಿತ್ತು. ತಪ್ಪಿಸ್ಕೊಂಡು ಐದು ಮಾಡ್ದೆ. ಇಲ್ಲಾಂದ್ರೆ ಎಪ್ಪತ್ತಮೂರು ಆಗೋದು."

ಶೆಲ್ಬಿ ದೊಡ್ಡ ಬೋರ್ಡಿನ ಕಡೆ ನೋಡುತ್ತಿದ್ದಳು. ಅಲ್ಲಿ ಪ್ರತಿಯೊಬ್ಬರ ಒಂದೊಂದು ಹೋಲಿನ ಅಂಕಿಯನ್ನೂ ಬರೆದಿರುತ್ತಾರೆ. "ಹನ್ನೆರಡರಲ್ಲಿ ನಾಲ್ಕು ಅಂತಿದೆಯಲ್ಲೇ ನಿಂದು," ಅಂದಳು.

ಬ್ರಿಟಾ ಬಾಯಲ್ಲಿದ್ದದ್ದನ್ನು ಜಗಿಯುವುದು ನಿಲ್ಲಿಸಿದಳು. ಅವಳ ಸ್ಕೋರು ಬರೆದ ಹುಡುಗಿ ಐದರ ಜಾಗದಲ್ಲಿ ನಾಲ್ಕು ಬರೆದಿದ್ದಳು, ಇವಳು ಓದದೆ ಸಹಿ ಹಾಕಿದ್ದಳು. ಕೇಳಿಸಿಕೊಂಡವರು ನಾವು ಐದೇ ಜನ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಹುಳುವಿಗೂ ಗೊತ್ತಾಗುತ್ತಿರಲಿಲ್ಲ. ಶೆಲ್ಬಿ ಹಾಗೆ ಹೇಳಲಿಕ್ಕೆ ಬಾಯಿ ತೆರೆದಳೋ ಏನೋ, ಅಷ್ಟರಲ್ಲಿ ಬ್ರಿಟಾ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ಕಾಗದದ ಮೇಲಿಟ್ಟು, ಕೈ ಒರೆಸಿಕೊಂಡು, ಎದ್ದು ಅಧಿಕಾರಿಗಳ ಮೇಜಿಗೆ ನಡೆದಳು.

ಎರಡು ನಿಮಿಷದಲ್ಲಿ ಬೋರ್ಡಿನ ಮೇಲಿದ್ದ ಅವಳ ಎಪ್ಪತ್ನಾಲ್ಕನ್ನು ಒರೆಸಿ ಹಾಕಿದರು. ಕೋಚ್ ಓಡಿ ಬಂದರು. ಬೆರಳು ಮಡಚಿ ಎಣಿಸುತ್ತ, "ಎಪ್ಪತ್ತೇಳು, ಎಪ್ಪತ್ತೆಂಟು, ಎಪ್ಪತ್ತೊಂಬತ್ತು," ಅಂದು ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ಹಾಗೆ ನೋಡಿದ್ದು.

"ಎಂಬತ್ತೊಂದು ಅಲ್ವಾ ನಿಂದು? ಮುನ್ನೂರ ಹದಿನೈದು! ಒಂದರಲ್ಲಿ ಗೆಲ್ತೀವಿ! ಹೇಳೇ, ಎಂಬತ್ತೊಂದು ತಾನೇ?"

"ಎಂಬತ್ತೇಳು."

"ಏನು?"

"ಎಂಬತ್ತೇಳು ಕೋಚ್."

"ಒಂಬತ್ತು ಮೇಲಿದ್ದೆಯಲ್ಲೇ! ಎರಡು ಹೋಲಿಗೆ ಆರು ಹೆಚ್ಚು ಹೊಡೆದ್ಯಾ?"

"ನೀವೇ ಅಂದ್ರಲ್ಲ, ನಿಂದರ ಚಿಂತೆ ಇಲ್ಲ ಅಂತ."

"ಆರಾಮಾಗಿ ಆಡು ಅಂದೆ! ಎಸೆದು ಬಾ ಅಂದ್ನಾ?"

ಅವರು ಹುಲ್ಲಿನ ಮೇಲೆ ಕುಸಿದು ಕೂತರು. "ತಪ್ಪು ನಂದೂ ಇದೆ," ಅಂದರು, ಯಾರಿಗೆ ಅಂತಲ್ಲ. ಆಚೆ ಕಡೆ ನೀಲಿ ಅಂಗಿಯವರು ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮಾರ್ಸಿ ಮಾತ್ರ ಆ ಗುಂಪಿನಿಂದ ನನ್ನ ಕಡೆ ನೋಡುತ್ತ ನಿಂತಿದ್ದಳು. ಹದಿನೇಳರಲ್ಲಿ ನಾನು ಮಾಡಿದ್ದನ್ನು ಹತ್ತಿರದಿಂದ ನೋಡಿದವಳು ಅವಳೊಬ್ಬಳೇ.

ಬ್ರಿಟಾ ವ್ಯಾನಿನ ಹತ್ತಿರ ಬಿಕ್ಕಿ ಬಿಕ್ಕಿ ಅಳುತ್ತ, "ನನ್ನಿಂದ ಆಯ್ತು, ಎಲ್ಲ ನನ್ನಿಂದ," ಅಂತಿದ್ದಳು. ನನ್ನನ್ನು ನೋಡಿ ತಬ್ಬಿಕೊಂಡಳು. "ಸಾರಿ ಕಣೇ. ನಿನ್ನ ಕೊನೇ ಆಟನ ಹಾಳು ಮಾಡಿಬಿಟ್ಟೆ." ಅವಳ ಬೆನ್ನು ತಟ್ಟಿದೆ. ಏನು ಹೇಳಲಿ? ನಿಂದು ಒಂದು ಅಂಕಿ ತಪ್ಪಿತು, ನಂದು ಬುದ್ಧಿಯೇ ತಪ್ಪಿತು ಅಂತ ಹೇಳಬೇಕಿತ್ತು. ಹೇಳಲಿಲ್ಲ.

ಕೋಚ್ ಅಭ್ಯಾಸ ಬಿಡಲಿಲ್ಲ. ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ, ಐದು ಹೆಸರು ಬರೆದರು. ಐದು ಸ್ಕೋರು ಬರೆದರು. ಕೆಂಪು ಪೆನ್ನು ಹಿಡಿದ ಕೈ ನೇರ ಕೊನೆಯ ಸಾಲಿಗೆ, ನನ್ನ ಹೆಸರಿಗೇ ಹೋಯಿತು. ಅಲ್ಲೇ ತಡೆಯಿತು. ಆಮೇಲೆ ಮೇಲಕ್ಕೆ ಹೋಗಿ ಬ್ರಿಟಾಳ ಎಪ್ಪತ್ನಾಲ್ಕರ ಮೇಲೆ ಗೀಟು ಎಳೆಯಿತು. ಕೆಳಗೆ ನನ್ನ ಎಂಬತ್ತೇಳು ಚೊಕ್ಕಟವಾಗಿ ಕೂತಿತ್ತು. ಯಾರೂ ನಗಲಿಲ್ಲ, ಶೆಲ್ಬಿ ಕೂಡ.

"ಫೋನ್ ಮಾಡಿ ಬರ್ತೀನಿ," ಅಂದೆ. "ಅಪ್ಪ ಕಾಯ್ತಿರ್ತಾನೆ."

ಕ್ಲಬ್‌ಹೌಸಿನ ಗೋಡೆಯ ಫೋನಿಗೆ ನಾಣ್ಯ ಹಾಕಿದೆ. ಒಂದೇ ಸಲ ರಿಂಗಾಯಿತು.

"ಅಪ್ಪ, ನಾನು."

"ಹೂಂ. ಲೆಕ್ಕಕ್ಕೆ ಬಂತಾ?"

"ಬಂತು."

"ಏನಂದೆ?"

"ಬಂತು ಅಪ್ಪ. ಲೆಕ್ಕಕ್ಕೆ ಬಂತು."

ಆ ಕಡೆ ಏನೋ ಬಿದ್ದ ಸದ್ದು, ಕುರ್ಚಿ ಇರಬೇಕು. "ಲಿಯೋನ್! ಏಯ್ ಲಿಯೋನ್! ಬಂತಂತೆ ಕಣ್ರೋ! ನಮ್ಮ ಹುಡುಗೀದು ಲೆಕ್ಕಕ್ಕೆ ಬಂತಂತೆ!" ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮುದುಕರೆಲ್ಲ ಮೇಜು ಗುದ್ದಿ ಚಪ್ಪಾಳೆ ಹೊಡೆದರು. "ಅವಳು ಬಂದ ದಿನ ಚೆರ್ರಿ ಪೈ ನಂದು!" ಅಂತ ಲಿಯೋನ್ ಕೂಗಿದ.

"ಎಷ್ಟು ಹೊಡೆದೆ ಮಗಳೇ?"

"ಎಂಬತ್ತೇಳು."

"ಎಂಬತ್ತೇಳಾ? ಇರ್ಲಿ ಬಿಡು, ಗಾಳಿ ಇತ್ತೇನೋ. ಗೆದ್ರಾ?"

"ಇಲ್ಲ. ನಂದು ಎಂಬತ್ತೊಂದು ಆಗಿದ್ರೆ ಗೆಲ್ತಿದ್ವಿ. ಹದಿನಾರು ಮುಗಿಯೋವರ್ಗೂ ಎಂಬತ್ತೊಂದರ ದಾರೀಲೇ ಇದ್ದೆ."

ಅಪ್ಪ ಹುಲ್ಲು ಕತ್ತರಿಸುವ ಯಂತ್ರದ ಯಾವ ಭಾಗ ಸಡಿಲವಾಗಿದೆ ಅಂತ ಹುಡುಕುವವನ ಹಾಗೆ ಮೆಲ್ಲಗೆ ಕೇಳಿದ. "ಆರು ಎಲ್ಲಿ ಹೋಯ್ತು?"

"ಹದಿನೇಳು, ಹದಿನೆಂಟರಲ್ಲಿ. ಹದಿನೇಳರಲ್ಲಿ ಎರಡು ಸಲ ಕೆರೆಗೆ ಹಾಕ್ದೆ."

"ಗಾಳಿ?"

"ಎದುರಿಗೇ ಇತ್ತು."

"ಐದನೇ ನಂಬರ್ ತಗೊಂಡೆ ತಾನೇ?"

ಹೌದು ಅಂದುಬಿಡಬಹುದಿತ್ತು. ಇನ್ನೂರು ಮೈಲಿ ಆಚೆ ಇದ್ದವನಿಗೆ ಏನು ಗೊತ್ತಾಗುತ್ತಿತ್ತು?

"ಏಳು ತಗೊಂಡೆ. ಎರಡೂ ಸಲ."

ಅವನ ಹಿಂದೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. "ಫೋನ್ ಇಲ್ಲಿ ಕೊಡು ಡ್ವೇನ್, ನಾನೂ ಒಂದು ಮಾತು ಹೇಳ್ತೀನಿ ಹುಡುಗಿಗೆ," ಅಂತ ಲಿಯೋನ್ ಗಲಾಟೆ ಮಾಡುತ್ತಿದ್ದ.

"ಯಾಕೆ ಮಗಳೇ," ಅಂದ ಅಪ್ಪ, "ಗಾಳಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಅಪ್ಪ," ಅಂದೆ. "ಹುಲ್ಲು ತೂರಿ ನೋಡಿದ್ದೆ."